ಇಂಡಿಕೇಟರ್ ಹಾಕಿದ್ನಲ್ಲ!

ನಮ್ಮಪ್ಪನಿಗೆ ಅರವತ್ತೆಂಟು. ಚಿತ್ರದುರ್ಗದಲ್ಲಿ ಅಮ್ಮನ ಜೊತೆ ಇದ್ದಾರೆ. ನನ್ನದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ತಿಂಗಳಿಗೆ ಎರಡು ಸಲ ಊರಿಗೆ ಹೋಗ್ತೀನಿ. ಅಪ್ಪನ ದಿನ ಶುರುವಾಗೋದೇ ಚಂದ್ರವಳ್ಳಿಯಿಂದ. ಬೆಳಿಗ್ಗೆ ಆರಕ್ಕೆಲ್ಲ ಕಾರು ತೆಗೆದು, ಪಕ್ಕದಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೊರಟರೆ, ಕೆರೆ ಹತ್ತಿರ ಅವರ ಗೆಳೆಯರ ಗುಂಪು ಕಾಯ್ತಾ ಇರುತ್ತೆ. ಅಮ್ಮನಿಗೆ ಮಂಡಿನೋವು, ಹೆಚ್ಚು ನಡೆಯೋಕಾಗಲ್ಲ. ಆದರೂ ಆ ಗುಡ್ಡ, ಬಂಡೆ, ನೀರು ನೋಡ್ಕೊಂಡು ಅರ್ಧ ಗಂಟೆ ಕೂತು ಬಂದರೆ ದಿನವೆಲ್ಲ ಗೆಲುವಾಗಿರ್ತಾರೆ. ಅದಕ್ಕೆಲ್ಲ ಆಧಾರ ಹತ್ತು ವರ್ಷದ ಹಿಂದೆ ನಾನು ಮೊದಲ ಸಂಬಳದ ಹುಮ್ಮಸ್ಸಿನಲ್ಲಿ ಸಾಲ ಮಾಡಿ ಕೊಡಿಸಿದ ಒಂದು ಸಣ್ಣ ಕಾರು.

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ನಾನೂ ಜೊತೆಗಿದ್ದೆ. ಅಪ್ಪ ಡ್ರೈವಿಂಗ್, ನಾನು ಮುಂದಿನ ಸೀಟಿನಲ್ಲಿ ಮೊಬೈಲ್ ನೋಡ್ತಾ ಕೂತಿದ್ದೆ. ಮುಖ್ಯ ರಸ್ತೆಯಿಂದ ಚಂದ್ರವಳ್ಳಿ ಕಡೆಗೆ ಎಡಕ್ಕೆ ತಿರುಗಿಸ್ತಿದ್ದ ಹಾಗೇ ಕಿಟಕಿ ಪಕ್ಕದಲ್ಲೇ 'ಅಯ್ಯೋ' ಅಂತ ಕೂಗು ಕೇಳಿಸ್ತು. ಮೊಪೆಡ್‌ನಲ್ಲಿ ಹಾಲಿನ ಕ್ಯಾನು ನೇತುಹಾಕಿಕೊಂಡು ಬರ್ತಿದ್ದ ಹುಡುಗ ಬ್ರೇಕ್ ಹಿಡಿದು, ಜಲ್ಲಿ ಮೇಲೆ ಜಾರಿ ಬಿದ್ದಿದ್ದ. ಕಾರು ತಾಗಿರಲಿಲ್ಲ. ಮಂಡಿ ತರಚಿತ್ತು, ಹಾಲು ರಸ್ತೆಪಾಲು.

ಅಪ್ಪ ನಡುಗ್ತಾ ಇಳಿದರು. "ಇಂಡಿಕೇಟರ್ ಹಾಕಿದ್ನಲ್ಲಪ್ಪಾ!"

"ಎಲ್ಲಿ ಹಾಕಿದ್ರಿ ಅಜ್ಜಾ? ದೇವ್ರಾಣೆ ಏನೂ ಕಾಣ್ಲಿಲ್ಲ."

ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಟಿಕ್ ಟಿಕ್ ಸದ್ದು ನಾನೂ ಕೇಳಿಸಿಕೊಂಡಿದ್ದೆ. ಹುಡುಗನಿಗೆ ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿಸಿ, ಹಾಲಿನ ದುಡ್ಡು ಕೊಟ್ಟು ಕಳಿಸಿದೆವು. ಮನೆಗೆ ಬಂದ ಮೇಲೆ ಅಪ್ಪ ಕಾರಿನ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿ, "ಇನ್ನು ನನ್ನ ಕೈಲಿ ಆಗಲ್ಲ ಕಣೋ, ಮಾರಿಬಿಡು" ಅಂದರು. ಅಮ್ಮ ಏನೂ ಮಾತಾಡಲಿಲ್ಲ.

ಮಧ್ಯಾಹ್ನ ಅಪ್ಪ ಮಲಗಿದ್ದಾಗ ಕೀಲಿ ತಗೊಂಡು ಕೆಳಗೆ ಹೋದೆ. ಎಡಗಡೆ ಇಂಡಿಕೇಟರ್ ಹಾಕಿ ಕಾರಿನ ಸುತ್ತ ಒಂದು ಸುತ್ತು ಬಂದೆ. ಮುಂದೆ ಮಿಣುಕ್ತಿದೆ, ಹಿಂದೆಯೂ ಮಿಣುಕ್ತಿದೆ. ಆಮೇಲೆ ಆ ಹುಡುಗ ಇದ್ದ ಜಾಗದಲ್ಲಿ, ಅಂದರೆ ಹಿಂದಿನ ಎಡ ಬಾಗಿಲ ಪಕ್ಕ ಹೋಗಿ ನಿಂತೆ. ಅಲ್ಲಿಂದ ಏನೂ ಕಾಣಲ್ಲ! ಹಿಂದಿನ ದೀಪ ನನ್ನ ಬೆನ್ನ ಹಿಂದಾಯ್ತು, ಮುಂದಿನದು ಬಾನೆಟ್ ಮೂಲೆಯ ಆಚೆ. ಈ ಜಾಗದಲ್ಲಿ ಇರೋರಿಗಾಗಿಯೇ ಮುಂದಿನ ಚಕ್ರದ ಹತ್ತಿರ ಮಡ್‌ಗಾರ್ಡ್ ಮೇಲೆ ಒಂದು ಪುಟ್ಟ ಕಿತ್ತಳೆ ದೀಪ ಇರುತ್ತೆ. ನಮ್ಮ ಕಾರಿನಲ್ಲಿ ಅದು ಸತ್ತುಹೋಗಿತ್ತು. ಮೇಲಿನ ಪ್ಲಾಸ್ಟಿಕ್ಕು ಬಿಸಿಲಿಗೆ ಮಬ್ಬಾಗಿತ್ತು. ಎಷ್ಟು ದಿನದಿಂದ ಹಾಗಿತ್ತೋ ದೇವರಿಗೇ ಗೊತ್ತು. ಪ್ರತಿ ವರ್ಷ ತಪ್ಪದೆ ಸರ್ವೀಸ್ ಮಾಡಿಸ್ತಿದ್ದೋನು ನಾನೇ. ಗ್ಯಾರೇಜಿನವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಅಪ್ಪನಿಗೆ ಗೊತ್ತಾಗೋಕೆ ದಾರಿಯೂ ಇರಲಿಲ್ಲ. ಇಂಥ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಇಂಡಿಕೇಟರ್ ಬಲ್ಬುಗಳು ಸಾಮಾನ್ಯವಾಗಿ 21 ವ್ಯಾಟಿನವು, ಪಕ್ಕದ್ದು ಬರೀ 5 ವ್ಯಾಟ್. ದೊಡ್ಡ ಬಲ್ಬು ಸುಟ್ಟುಹೋದರೆ ಕರೆಂಟ್ ಅರ್ಧದಷ್ಟು ಕಮ್ಮಿಯಾಗುತ್ತೆ, ಫ್ಲಾಷರ್ ರಿಲೇ ಅದನ್ನು ಗುರುತಿಸಿ ಟಿಕ್ ಸದ್ದನ್ನು ಎರಡರಷ್ಟು ಜೋರು ಮಾಡುತ್ತೆ. ನಿಮ್ಮ ಕಾರಿನಲ್ಲಿ ಇಂಡಿಕೇಟರ್ ಇದ್ದಕ್ಕಿದ್ದಂತೆ ಓಡೋಕೆ ಶುರುಮಾಡಿದರೆ ಅದು ಬಲ್ಬ್ ಹೋಗಿರೋ ಸೂಚನೆ, ರಿಲೇ ಕೆಟ್ಟಿದೆ ಅಂತಲೇ ಅಲ್ಲ. ಆದರೆ 5 ವ್ಯಾಟಿನ ಪುಟ್ಟ ಬಲ್ಬು ಹೋದರೆ ಆ ವ್ಯತ್ಯಾಸ ರಿಲೇಗೆ ಲೆಕ್ಕಕ್ಕೇ ಬರಲ್ಲ. ಡ್ಯಾಷ್‌ಬೋರ್ಡಿನ ಬಾಣ ಎಂದಿನಂತೆ ಮಿಣುಕುತ್ತೆ, ಸದ್ದೂ ಎಂದಿನಂತೆ ಬರುತ್ತೆ.

ನಮ್ಮ ವಾಟ್ಸಾಪ್ ಲೆಕ್ಕದಲ್ಲಿ ಹೇಳೋದಾದ್ರೆ ಅದು ಒಂದೇ ಟಿಕ್. ಕಳಿಸಿದ್ದಾಯ್ತು ಅಷ್ಟೇ, ತಲುಪಿದೆ ಅಂತಲ್ಲ. ದಿನಾ ಆಫೀಸಿನಲ್ಲಿ ಇದೇ ವ್ಯತ್ಯಾಸದ ಮೇಲೆ ಕೋಡ್ ಬರೆಯೋ ನಾನು, ಹತ್ತು ವರ್ಷ ಅಪ್ಪನ ಕಾರಿನ ಆ ಒಂದು ಟಿಕ್ ನಂಬಿಕೊಂಡಿದ್ದೆ.

ಇಂಡಿಕೇಟರಿನ ಇತಿಹಾಸ ಓದಿದರೂ ಪಕ್ಕದಲ್ಲಿರೋನ ನೆನಪು ಕೊನೆಗೇ ಬಂದ ಹಾಗಿದೆ. 1914ರ ಸುಮಾರಿಗೆ ಮೂಕಿ ಚಿತ್ರಗಳ ನಟಿ ಫ್ಲಾರೆನ್ಸ್ ಲಾರೆನ್ಸ್ ಗುಂಡಿ ಒತ್ತಿದರೆ ಕಾರಿನ ಹಿಂದೆ ತೋಳಿನ ಥರ ಎದ್ದು ನಿಲ್ಲೋ ಸಿಗ್ನಲ್ ಮಾಡಿಕೊಂಡಿದ್ದಳು, ಪೇಟೆಂಟ್ ಮಾತ್ರ ಮಾಡಿಸಲಿಲ್ಲ. 1939ರಲ್ಲಿ ಅಮೆರಿಕದ ಬ್ಯೂಕ್ ಕಾರುಗಳಿಗೆ ಮಿಣುಕುವ ದೀಪ ಬಂತು. ಅದೂ ಮೊದಲು ಹಿಂದೆ, ಆಮೇಲೆ ಮುಂದೆ. ಕನ್ನಡಿ ಮೇಲೆ ದೀಪ ಬಂದಿದ್ದು ತೊಂಬತ್ತರ ದಶಕದ ಕೊನೆಗೆ, ದುಬಾರಿ ಕಾರುಗಳಲ್ಲಿ. ನಮ್ಮ ರಸ್ತೆಗಳಿಗೆ ಹೆಚ್ಚು ಬೇಕಾಗಿರೋದು ಅದೇ. ಮೊಪೆಡ್, ಸೈಕಲ್, ಆಟೋ ಎಲ್ಲಾ ಪಕ್ಕದಲ್ಲೇ ಓಡಾಡೋದು. ಕನ್ನಡಿ ಹೊರಕ್ಕೆ ಚಾಚಿಕೊಂಡಿರುತ್ತೆ, ಹೆಚ್ಚುಕಮ್ಮಿ ಸವಾರನ ಕಣ್ಣಿನ ಎತ್ತರಕ್ಕೇ ಇರುತ್ತೆ.

ಐದು ವ್ಯಾಟಿನ ಬಲ್ಬ್ ಹಾಕಿಸಿ ಸುಮ್ಮನಾಗಬಹುದಿತ್ತು. ಅದನ್ನು ಮೊದಲು ಹಾಕಿಸಿದೆ, ಮಬ್ಬಾದ ಪ್ಲಾಸ್ಟಿಕ್ಕನ್ನೂ ಬದಲಾಯಿಸಿದೆ. ಆಮೇಲೆ ಕನ್ನಡಿಗೂ ದೀಪ ಕೂರಿಸೋಣ ಅಂತ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅಂಟಿಸೋ ಎಲ್‌ಇಡಿ ಪಟ್ಟಿ ಅಗ್ಗಕ್ಕೆ ಸಿಗುತ್ತೆ, ಆದರೆ ಎರಡು ಮಳೆಗಾಲಕ್ಕೆ ಕಿತ್ತು ಬರುತ್ತೆ ಅಂದರು. ನಮ್ಮದೇ ಮಾದರಿಯ ಮೇಲಿನ ವೇರಿಯಂಟ್‌ನಲ್ಲಿ ದೀಪ ಇರೋ ಕನ್ನಡಿಯೇ ಬರುತ್ತೆ, ಅದನ್ನೇ ತರಿಸಿದೆವು.

ಕೆಲಸ ಏನೂ ಬ್ರಹ್ಮವಿದ್ಯೆಯಲ್ಲ. ದೀಪಕ್ಕೆ ಎರಡೇ ವೈರು. ಒಂದು ಅರ್ಥಿಂಗಿಗೆ, ಇನ್ನೊಂದು ಮಡ್‌ಗಾರ್ಡ್ ಮೇಲಿನ ಪುಟ್ಟ ಇಂಡಿಕೇಟರಿನ ವೈರಿಗೆ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಉರಿಯಲ್ಲ, ಅದನ್ನು ನೋಡ್ಕೋಬೇಕು. ಕರೆಂಟಿನ ಹೊರೆ ಹೆಚ್ಚಾಗುತ್ತಾ ಅಂತ ಲೆಕ್ಕ ಹಾಕಿದೆ: ಒಂದು ಬದಿಯ ಬಲ್ಬುಗಳೆಲ್ಲ ಸೇರಿ 47 ವ್ಯಾಟ್, 12 ವೋಲ್ಟಿಗೆ ಹತ್ತಿರಹತ್ತಿರ 4 ಆಂಪಿಯರ್. ಒಂದು ವ್ಯಾಟಿನ ಎಲ್‌ಇಡಿ ಸೇರಿಸಿದರೆ ಅದರ ಮೇಲೆ ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಇಲ್ಲ. ಫ್ಯೂಸಿಗೂ ತೊಂದರೆಯಿಲ್ಲ, ರಿಲೇಗೂ ಇಲ್ಲ.

ಕಷ್ಟ ಇರೋದು ವೈರನ್ನು ಬಾಗಿಲೊಳಗೆ ತರೋದರಲ್ಲಿ. ಬಾಗಿಲಿಗೂ ಬಾಡಿಗೂ ನಡುವೆ ಮಡಚಿಕೊಳ್ಳೋ ರಬ್ಬರ್ ಕೊಳವೆ ಇರುತ್ತಲ್ಲ, ವೈರು ಅದರೊಳಗಿಂದಲೇ ಬರಬೇಕು. ಸಂದಿಯಲ್ಲಿ ಎಳೆದರೆ ಬಾಗಿಲು ಹಾಕಿ ತೆಗೆದು ಮಾಡಿ ಒಂದಿನ ತುಂಡಾಗುತ್ತೆ, ಇಲ್ಲಾಂದ್ರೆ ಶಾರ್ಟ್ ಆಗುತ್ತೆ. ಜೋಡಣೆಗೆ ಸೋಲ್ಡರ್ ಮಾಡಿಸಿ, ಮೇಲೆ ಬಿಸಿಗೆ ಕುಗ್ಗೋ ಸ್ಲೀವ್ ಹಾಕಿಸಿ. ಬರೀ ತಿರುಚಿ ಟೇಪು ಸುತ್ತಿದರೆ ನೀರು ಹೋಗುತ್ತೆ. ಬಣ್ಣ ಕಿತ್ತಳೆಹಳದಿಯೇ ಇರಲಿ, ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು ಅಂತ ನಿಯಮವಿದೆ. ನೀಲಿ, ಬಿಳಿ ಶೋಕಿ ದೀಪಗಳ ಸಹವಾಸ ಬೇಡ. ಇನ್ನೊಂದು ಮಾತು: ಈಚಿನ ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರೇ ನೋಡಿಕೊಳ್ಳುತ್ತೆ. ಅಲ್ಲಿ ವೈರು ಕತ್ತರಿಸಿದರೆ ವಾರಂಟಿಗೂ ಪೆಟ್ಟು ಬೀಳಬಹುದು, ಕಂಪನಿಯವರನ್ನು ಕೇಳದೆ ಕೈಹಾಕಬೇಡಿ.

ಈ ಮಧ್ಯೆ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರವೂ ಕರ್ಕೊಂಡು ಹೋದೆ. ಕಾರಿನ ದೀಪ ಸತ್ತಿತ್ತು ಅನ್ನೋದು ನಿಜ. ಆದರೆ ಅಪ್ಪನ ಕಣ್ಣೂ ಮಂಜಾಗಿದ್ದರೆ? ಆ ಪ್ರಶ್ನೆಯನ್ನು ವೈರಿಂಗ್ ಮರೆಯಲ್ಲಿ ಬಚ್ಚಿಡೋದು ನನಗೆ ಸರಿ ಕಾಣಲಿಲ್ಲ. ಕನ್ನಡಕದ ಪವರ್ ಬದಲಾಗಿತ್ತು. ಹಗಲು ಓಡಿಸಬಹುದು, ರಾತ್ರಿ ಬೇಡ ಅಂದರು ಡಾಕ್ಟರು. ಅಪ್ಪ ಒಪ್ಪಿಕೊಂಡರು.

ಹೊಸ ಕನ್ನಡಕ, ಹೊಸ ಕನ್ನಡಿ ಎರಡೂ ಬಂದ ಮೇಲೆ ಒಂದು ಬೆಳಿಗ್ಗೆ ಪರೀಕ್ಷೆ ಮಾಡಿದೆವು. ಅಪ್ಪ ಕಾರಿನಲ್ಲಿ ಮುಂದೆ, ನಾನು ಪಕ್ಕದ ಮನೆಯವರ ಸ್ಕೂಟರಿನಲ್ಲಿ ಎಡಗಡೆ ಸ್ವಲ್ಪ ಹಿಂದೆ, ಥೇಟ್ ಆ ಹಾಲಿನ ಹುಡುಗನ ಹಾಗೆ. ತಿರುವು ಬಂತು. ಕನ್ನಡಿ ಮೇಲಿನ ದೀಪ ಕಣ್ಣಿಗೆ ಹೊಡೆದ ಹಾಗೆ ಕಾಣಿಸ್ತು. ಆದರೆ ಅದು ಒಂದು ಸಲ ಮಿಣುಕೋದೂ ಕಾರು ಎಡಕ್ಕೆ ವಾಲೋದೂ ಒಟ್ಟಿಗೇ ಆಯ್ತು! ನಾನು ಮೊದಲೇ ಬ್ರೇಕ್ ಮೇಲೆ ಕೈಯಿಟ್ಟುಕೊಂಡಿದ್ದೆ, ಆ ಹುಡುಗನಿಗೆ ಅದು ಹೇಗೆ ಗೊತ್ತಿರಬೇಕು?

ಅಪ್ಪನ ಅಭ್ಯಾಸವೇ ಅದು. ಸ್ಟೇರಿಂಗ್ ತಿರುಗಿಸ್ತಾ ಇಂಡಿಕೇಟರ್ ಹಾಕೋದು. ದೀಪ ಎಷ್ಟು ಹೊಸದಾದರೇನು, ಎಡಗಡೆ ಕನ್ನಡಿ ನೋಡೋ ಕೆಲಸವನ್ನೂ ಅದು ಮಾಡಿಕೊಡಲ್ಲ. ಗಾಡಿ ನಿಲ್ಲಿಸಿ ಲೆಕ್ಕ ಹೇಳಿದೆ. ಮೂವತ್ತು ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿಗೆ 25 ಮೀಟರ್ ಹೋಗ್ತೀವಿ, ಕಡೇಪಕ್ಷ ಅಷ್ಟು ಮುಂಚೆ ಹಾಕಬೇಕು ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೆ ಸೈಕಲ್ ಕಲಿಸುವಾಗ ನಾನೇ ಹೇಳಿದ್ದೆ ಅಲ್ವಾ? ಮೊದಲು ಹಿಂದೆ ನೋಡು, ಕೈ ತೋರ್ಸು, ಆಮೇಲೆ ತಿರುಗು ಅಂತ. ಕಾರಿಗೆ ಬಂದ ಮೇಲೆ ನಾನೇ ಮರೆತೆ ನೋಡು" ಅಂದರು. ಮತ್ತೆ ನಾಲ್ಕು ಸಲ ಆ ತಿರುವಿನಲ್ಲಿ ಓಡಿಸಿದರು. ಕೊನೆ ಎರಡು ಸಲ ನಾನು ಬ್ರೇಕ್ ಹಿಡಿಯೋ ಪ್ರಸಂಗವೇ ಬರಲಿಲ್ಲ.

ಈಗ ಅಪ್ಪ ಅಮ್ಮ ಮತ್ತೆ ಚಂದ್ರವಳ್ಳಿಗೆ ಹೋಗ್ತಿದ್ದಾರೆ. ಅಲ್ಲಿ ಭೈರವೇಶ್ವರನ ಗುಡಿ ಹತ್ತಿರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆಯಲ್ಲ, ಅದರ ಮುಂದೆ ನಿಂತು ಅಪ್ಪ ಗೆಳೆಯರಿಗೆ ಹೇಳಿದರಂತೆ: "ಅವನು ಕೆರೆ ವಿಷಯ ಬರೆಸಿದ್ದು ಸಾವಿರದಾರುನೂರು ವರ್ಷ ಆದ್ರೂ ಓದೋಕ್ಕಾಗುತ್ತೆ. ನಾನು ಹಾಕಿದ್ದು ಮೂರಡಿ ದೂರ ಇದ್ದ ಹುಡುಗನಿಗೆ ಕಾಣ್ಲಿಲ್ಲ ಕಣ್ರಯ್ಯಾ!"

ಅಂದಹಾಗೆ, ನಮ್ಮ ಮನೆಗೆ ಹಾಲು ಈಗ ಅದೇ ಹುಡುಗ ತಂದುಕೊಡ್ತಾನೆ. ಎಡಗಡೆಯಿಂದ ನುಗ್ಗಬಾರದು ಅಂತ ಅಮ್ಮ ಅವನಿಗೂ ದಿನಾ ಹೇಳ್ತಾರೆ.

ಇದನ್ನು ಓದಿದ ಮೇಲೆ ನೀವೂ ಒಂದು ಕೆಲಸ ಮಾಡಿ. ಸಂಜೆ ಕತ್ತಲಾಗೋ ಹೊತ್ತಿಗೆ ಮನೆಯವರೊಬ್ಬರನ್ನು ಕಾರಿನ ಹಿಂದಿನ ಬಾಗಿಲ ಪಕ್ಕ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಎರಡೂ ಕಡೆ ಕೇಳಿ: "ಕಾಣುತ್ತಾ?" ಕನ್ನಡಿಗೆ ಹೊಸ ದೀಪ ಹಾಕಿಸೋದು ಬಿಡೋದು ಆಮೇಲಿನ ಮಾತು.