ಅಂಗೈಯಲ್ಲಿ ಧಾರಣೆ

ಕಳೆದ ತಿಂಗಳು ಮದುವೆಯೊಂದರ ಊಟದ ಪಂಕ್ತಿಯಲ್ಲಿ ಹಳೆಯ ಶಿಷ್ಯನೊಬ್ಬ (ಹೆಸರು ಬೇಡ, ಇದನ್ನು ಓದಿ ಅವನೇ ನಗುತ್ತಾನೆ) ನನ್ನ ಪಕ್ಕದಲ್ಲಿ ಕುಳಿತಿದ್ದ. "ಈಗ ಎಲ್ಲ ಮಾರುಕಟ್ಟೆಗಳ ಧಾರಣೆ ರೈತನ ಮೊಬೈಲಿನಲ್ಲೇ ಇದೆ ಸರ್. ಇನ್ನೂ ನಷ್ಟವಾದರೆ ಅದು ಅವನದೇ ತಪ್ಪಲ್ಲವೇ?" ಎಂದ. ಎಲೆಯ ಮುಂದೆ ವಾದ ಬೇಡವೆಂದು ಸುಮ್ಮನಾದೆ. ಆ ಮೌನ ಅಂದಿನಿಂದ ನನ್ನನ್ನು ಕೊರೆಯುತ್ತಿರುವುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಕಟವಾಗುವ ಧಾರಣೆಯಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಈ ಮೂರನೆಯ ಪದ ಕಂಡಾಗಲೆಲ್ಲ ನನ್ನ ಕೈ ಕೆಂಪು ಶಾಯಿಯ ಪೆನ್ನನ್ನು ಹುಡುಕುತ್ತದೆ. ಗಣಿತದ ತರಗತಿಯಲ್ಲಿ ನಿಮಗೆ 'ಬಹುಲಕ', 'ರೂಢಿಬೆಲೆ' ಎಂದು ಕಲಿಸಿದ್ದೆನಲ್ಲ, ಇದು ಅದೇ. ಅಂದು ಹೆಚ್ಚಿನ ಮಾಲು ಮಾರಾಟವಾದ ದರ. ಅದರಲ್ಲಿ ಮಾದರಿಯಾಗುವಂಥದ್ದೇನೂ ಇಲ್ಲ. ತನಗೆ ಸಲ್ಲಬೇಕಾದ ಬೆಲೆ ಅದೆಂದು ರೈತ ತಿಳಿದರೆ ತಪ್ಪು ಅವನದಲ್ಲ, ಆ ಪದವನ್ನು ಹಾಗೆ ಕನ್ನಡಿಸಿದವರದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನೇ ನೋಡಿ. ಡಬ್ಬಿ, ಕಡ್ಡಿ, ಗುಂಟೂರು ಎಂದು ತಳಿಗಳು ಬೇರೆ. ಒಂದೇ ತಳಿಯೊಳಗೆ ಬಣ್ಣ ಬೇರೆ, ತೇವಾಂಶ ಬೇರೆ, ಬಿಳಿಚಿದ ಕಾಯಿಯ ಪ್ರಮಾಣ ಬೇರೆ. ಒಂದೇ ದಿನ ಕನಿಷ್ಠಕ್ಕೂ ಗರಿಷ್ಠಕ್ಕೂ ಹಲವು ಪಟ್ಟು ಅಂತರವಿರುತ್ತದೆ. ತನ್ನ ಚೀಲ ಆ ಏಣಿಯ ಯಾವ ಮೆಟ್ಟಿಲಿನದೆಂದು ಯಾವ ಮೊಬೈಲೂ ಹೇಳುವುದಿಲ್ಲ. ಹಿಡಿ ಕಾಯಿ ಎತ್ತಿ, ಮುರಿದು ನೋಡಿ ಅದನ್ನು ತೀರ್ಮಾನಿಸುವವನು ಖರೀದಿದಾರ.

ವರ್ತಕನೂ ಅದೇ ಧಾರಣೆಯನ್ನು ಓದುತ್ತಾನೆ. ಆದರೆ ಅದನ್ನೇ ನೆಚ್ಚಿ ಕೂಡುವುದಿಲ್ಲ. ಗುಂಟೂರಿಗೆ ಆವಕ ಎಷ್ಟು, ಶೀತಲಗೃಹಗಳಲ್ಲಿ ಕಳೆದ ವರ್ಷದ ದಾಸ್ತಾನು ಎಷ್ಟು, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗಳ ಬೇಡಿಕೆ ಎಷ್ಟು ಎಂಬುದನ್ನೆಲ್ಲ ಕೂಡಿಸಿ ಕಳೆದು ಟೆಂಡರಿನಲ್ಲಿ ದರ ಬರೆಯುತ್ತಾನೆ. ಅದು ಅವನ ಕಸುಬು, ದೂಷಿಸಲಾರೆ. ನಿನ್ನೆಯ ದರವಷ್ಟನ್ನೇ ರೈತನ ಕೈಗಿತ್ತು, ಇಬ್ಬರೂ ಈಗ ಸಮಾನರಾದರು ಎನ್ನುವವರ ಮೇಲೆ ನನ್ನ ಸಿಟ್ಟು.

ಸಾಲದ ಮಾತಂತೂ ಬೇರೆಯೇ. ಬಿತ್ತನೆಗೆ, ಗೊಬ್ಬರಕ್ಕೆ ದಲ್ಲಾಳಿ ಅಂಗಡಿಯಿಂದ ಮುಂಗಡ ಪಡೆದವನು ಮಾಲನ್ನು ಅದೇ ಅಂಗಡಿಗೆ ಒಯ್ಯಬೇಕು. ಬೇರೆ ಪೇಟೆಯಲ್ಲಿ ಹೆಚ್ಚು ಧಾರಣೆಯಿದೆಯೆಂಬ ಸುದ್ದಿ ಅವನಿಗೆ ಬರಿಯ ಸಂಕಟ.

ಉತ್ತರ ಕೇರಳದ ಮೀನುಗಾರರಿಗೆ ಮೊಬೈಲಿನಿಂದ ಲಾಭವಾಯಿತೆಂದು ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಶಿಷ್ಯ ಮಹಾಶಯ ಉದಾಹರಿಸಬಹುದು. ನಿಜವೇ. ದೋಣಿ ಇನ್ನೂ ಕಡಲಿನಲ್ಲಿರುವಾಗ ಯಾವ ದಡಕ್ಕೆ ತಿರುಗಿಸಬೇಕೆಂಬ ಆಯ್ಕೆ ಅವರಿಗಿತ್ತು. ಆದರೆ ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ರೈತರ ಮೊಬೈಲಿಗೆ ಧಾರಣೆಯ ಸಂದೇಶ ಕಳುಹಿಸುವ ಸೇವೆಯನ್ನು ಪರೀಕ್ಷಿಸಿದ ಫಾಫ್‌ಶಾಂಪ್ ಮತ್ತು ಮಿಂಟೆನ್, ರೈತರಿಗೆ ದೊರೆತ ಬೆಲೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು 2012ರಲ್ಲಿ ವರದಿ ಮಾಡಿದರು. ಅದನ್ನು ಉದಾಹರಿಸುವವರು ಕಡಿಮೆ.

2024ರ ಮಾರ್ಚ್ 11ರಂದು ಧಾರಣೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಹಿಂದಿನ ದರ ಗೊತ್ತಿದ್ದವನಿಗೆ ಮಾತ್ರ ದರ ಕುಸಿದದ್ದು ತಿಳಿಯುತ್ತದೆ. ಮಾಹಿತಿಯ ಕೊರತೆಯಿಂದ ಹೊತ್ತಿದ ಬೆಂಕಿಯಂತೂ ಅದಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಕಾಯಿ ಬರುವ ಪೇಟೆ ಅದು. ಲಾರಿ ಬಾಡಿಗೆ ತೆತ್ತು ತಂದ ಚೀಲವನ್ನು, ದರ ಒಪ್ಪಿಗೆಯಾಗಲಿಲ್ಲವೆಂದು ಇನ್ನೊಮ್ಮೆ ಬಾಡಿಗೆ ತೆತ್ತು ಹಿಂದಕ್ಕೊಯ್ಯುವವರೆಷ್ಟು ಮಂದಿ?

ಒಪ್ಪದ ದರಕ್ಕೆ ಒಲ್ಲೆನೆಂದು ಮಾಲನ್ನು ಇಟ್ಟುಕೊಂಡು ಎರಡು ತಿಂಗಳು ಕಾಯಬಲ್ಲವನಿಗೆ ಧಾರಣೆಯ ಸುದ್ದಿ ಉಪಯೋಗಕ್ಕೆ ಬರುತ್ತದೆ. ಉಗ್ರಾಣದಲ್ಲಿಟ್ಟ ಮಾಲಿನ ಮೇಲೆ ಬ್ಯಾಂಕಿನ ಸಾಲ ಪಡೆಯಲು ವಿದ್ಯುನ್ಮಾನ ರಸೀದಿಯ ವ್ಯವಸ್ಥೆ 2017ರಲ್ಲೇ ಬಂದಿದೆ. ನಾಲ್ಕೇ ಚೀಲ ಬೆಳೆದವನಿಗೂ ಅದು ಹಳ್ಳಿಯ ಹತ್ತಿರವೇ ಸಿಗುವಂತೆ ಮಾಡಲಿ. ಪ್ರತಿ ಶೀತಲಗೃಹದ ದಾಸ್ತಾನನ್ನೂ ವಾರವಾರ ಪ್ರಕಟಿಸಲಿ. ತಳಿವಾರು, ಗುಣಮಟ್ಟವಾರು ದರ ಕೊಡಲಿ. ಎಲ್ಲ ಕಾಯಿಯನ್ನೂ ಒಂದೇ ಅಂಕಿಯಲ್ಲಿ ಕಲಸಿ ಬಡಿಸುವುದು ಬೇಡ.

ತಂತ್ರಾಂಶ ಬರೆಯುವುದೇ ನಿನ್ನ ವೃತ್ತಿಯಲ್ಲವೇನಪ್ಪಾ? ಆ ದಾಸ್ತಾನಿನ ಪಟ್ಟಿಯಿಂದಲೇ ಆರಂಭಿಸು. 'ಮಾದರಿ' ಎಂಬುದನ್ನೂ ಹಾಗೆಯೇ ತಿದ್ದಿಬಿಡು.