ಕಸದಬುಟ್ಟಿಗೂ ಒಂದು ಗಡುವು ಬೇಕು



ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. “ಸಾರ್, ನಮ್ಮಪ್ಪನ ಸಾಲದ ವಿಷಯ ನೀವು ಬರೆದದ್ದನ್ನು ನನ್ನ ಮಗಳು ಓದಿಬಿಟ್ಟಳು. ದಯವಿಟ್ಟು ತೆಗೆದುಬಿಡಿ” ಎಂದಳು. ಗೂಡಿನ ಬೆಲೆ ಕುಸಿದಾಗ ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರು ಪಟ್ಟ ಪಾಡನ್ನು ಹೇಳುತ್ತ ಆ ಮನೆಯ ಕಥೆಯನ್ನೂ ಬರೆದಿದ್ದೆ. ಹೆಸರು ಹಾಕಿರಲಿಲ್ಲ, ನಿಜ. ಆದರೆ ಊರಿನವರಿಗೆ ಹೆಸರೇಕೆ ಬೇಕು? ಅಂದೇ ಅಳಿಸಿದೆ. “ಅಳಿಸಿದ್ದೇನೆ ತಾಯಿ, ನಿಶ್ಚಿಂತೆಯಾಗಿರು” ಎಂದೆ.

ಎಂಟು ತಿಂಗಳ ಬಳಿಕ ಬೇರೇನನ್ನೋ ಹುಡುಕುವಾಗ ಆ ಬರಹ ಕಸದಬುಟ್ಟಿಯಲ್ಲಿ ಒಂದಕ್ಷರವೂ ಕೆಡದೆ ಕುಳಿತಿತ್ತು. ನಾನಿತ್ತ ಮಾತು ಸುಳ್ಳಾಗಿತ್ತು.

ತಪ್ಪು ಯಂತ್ರದ್ದಲ್ಲ. ಬರಹ ಪ್ರಕಟಿಸುವ ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ಕಸದಬುಟ್ಟಿ ಬಂದದ್ದು 2009ರ ಡಿಸೆಂಬರ್‌ನಲ್ಲಿ, 2.9ನೆಯ ಆವೃತ್ತಿಯೊಂದಿಗೆ. ಅಳಿಸಿದ್ದು ಬುಟ್ಟಿಯಲ್ಲಿ 30 ದಿನವಿದ್ದು, ಅನಂತರ ತಾನಾಗಿಯೇ ನಾಶವಾಗುವುದು ಅಲ್ಲಿನ ವಾಡಿಕೆ. ಕೂಡಿಡುವ ಚಟದವನಾದ ನಾನೇ ತಂಗಿಯ ಮಗನಿಗೆ ಹೇಳಿ ಆ 30 ಅನ್ನು 365 ಮಾಡಿಸಿದ್ದೆ.

ಹಾಗಾದರೆ ಅಳಿಸಿದೊಡನೆಯೇ ನಾಶವಾಗಲಿ ಎನ್ನೋಣವೇ? ಗಡುವನ್ನು ಸೊನ್ನೆಗಿಳಿಸಿದರೆ ಅದೂ ಸಾಧ್ಯ. ಆಗ ಬುಟ್ಟಿಯೇ ಇರುವುದಿಲ್ಲ. ಆದರೆ ನನ್ನ ತಾಯಿ ರಾಟೆಯ ಮುಂದೆ ಕುಳಿತು ನೂಲು ತೆಗೆಯುತ್ತಿದ್ದ ದಿನಗಳ ಬರಹವನ್ನು ಒಮ್ಮೆ ಬೆರಳು ತಪ್ಪಿ ಅಳಿಸಿದ್ದೆ. ಹನ್ನೊಂದನೆಯ ದಿನ ಅದನ್ನು ಮರಳಿ ಕೊಟ್ಟದ್ದು ಈ ಬುಟ್ಟಿಯೇ. ಕೈತಪ್ಪಿದವನಿಗೆ ಅವಕಾಶವಿರಬೇಕು, ಅಳಿಸೆಂದು ಬೇಡಿದವರಿಗೆ ಭರವಸೆಯೂ ಇರಬೇಕು. ಎರಡನ್ನೂ ಕಾಯುವುದು ಗೊತ್ತಾದ ಗಡುವೊಂದೇ.

ನಮ್ಮ ಊರಿಗೆ ಇದು ಹೊಸ ಪಾಠವಲ್ಲ. ಗೂಡನ್ನು ಇಟ್ಟುಕೊಳ್ಳಲು ಒಂದು ಕಾಲವಿದೆ. ಅದು ಮೀರಿದರೆ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ, ಎಳೆ ಕಡಿಯುತ್ತದೆ. ಶಾಲೆಯಲ್ಲೂ ದಾಖಲಾತಿ ಪುಸ್ತಕವನ್ನು ಶಾಶ್ವತವಾಗಿ ಕಾಪಾಡುತ್ತೇವೆ, ಕರಿಹಲಗೆಯನ್ನು ಅಂದಂದೇ ಒರೆಸುತ್ತೇವೆ.

ಕಾನೂನೂ ಈ ದಿಕ್ಕಿನಲ್ಲಿ ನಡೆಯುತ್ತಿದೆ. 2017ರ ಜನವರಿಯಲ್ಲಿ ತಂದೆಯೊಬ್ಬರ ಮೊರೆ ಕೇಳಿದ ಕರ್ನಾಟಕ ಉಚ್ಚ ನ್ಯಾಯಾಲಯವು, ಅಂತರ್ಜಾಲದ ಹುಡುಕಾಟದಲ್ಲಿ ಅವರ ಮಗಳ ಹೆಸರು ಕಾಣದಂತೆ ಯತ್ನಿಸಲು ತನ್ನ ಕಚೇರಿಗೆ ಸೂಚಿಸಿತು. ತಮ್ಮ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬರೆದಿಟ್ಟಿದೆ.

ಆದರೂ ಗಡುವು ಬರೆದಿಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ವರ್ಡ್‌ಪ್ರೆಸ್‌ನ ಸಾಮಾನ್ಯ ಏರ್ಪಾಟಿನಲ್ಲಿ ತಾಣಕ್ಕೆ ಯಾರಾದರೂ ಬಂದಾಗಲೇ ನಿಗದಿತ ಕೆಲಸಗಳು ಎಚ್ಚರಗೊಳ್ಳುತ್ತವೆ. ನೆಂಟರು ಬಂದರಷ್ಟೇ ಕಸ ಗುಡಿಸುವ ಮನೆಯಂತೆ! ಜೊತೆಗೆ, ಬೇರೆಡೆ ತೆಗೆದಿಟ್ಟ ಪ್ರತಿಗಳನ್ನು ಬುಟ್ಟಿಯ ಗಡುವು ಮುಟ್ಟುವುದೇ ಇಲ್ಲ.

ಗಡುವನ್ನು ಮತ್ತೆ 30ಕ್ಕೆ ಇಳಿಸಿದ್ದೇನೆ. ಆ ಬರಹವನ್ನೂ ಅದರ ಪ್ರತಿಯನ್ನೂ ಕೈಯಾರೆ ನಾಶಮಾಡಿ, ಆಕೆಗೆ ದೂರವಾಣಿ ಮಾಡಿ ನಡೆದದ್ದನ್ನು ಒಪ್ಪಿಕೊಂಡೆ. ಆಕೆ ಸ್ವಲ್ಪ ಹೊತ್ತು ಮೌನವಾಗಿದ್ದು, “ಈಗ ಹೇಳಿದಿರಲ್ಲ ಸಾರ್, ಸಾಕು” ಎಂದಳು.

ಬೆಂಗಳೂರಿನಲ್ಲಿ ತಂತ್ರಾಂಶ ಕಟ್ಟುತ್ತಿರುವ ನನ್ನ ಶಿಷ್ಯರಲ್ಲಿ ಒಂದೇ ಕೋರಿಕೆ: ‘ಅಳಿಸು’ ಎಂಬ ಗುಂಡಿಯ ಪಕ್ಕದಲ್ಲೇ, ಎಷ್ಟು ದಿನಗಳ ಬಳಿಕ ನಿಜವಾಗಿ ಅಳಿಯುತ್ತದೆಂಬುದನ್ನೂ ಬರೆಯಿರಿ. ನನ್ನಂಥವನು ಮತ್ತೊಮ್ಮೆ ಸುಳ್ಳಾಡದಿರಲಿ.