ಗದ್ದಲದ ನಡುವೆ ಒಂದು ಕಲ್ಲು
ಜೆರುಸಲೇಮ್ ಅಂದ್ರೆ ಮೌನ ಅಂದ್ಕೊಂಡು ಹೋಗೋರು ನಾವೆಲ್ಲ. ಸಿಗೋದು ಸಂತೆ. ಯೇಸು ಶಿಲುಬೆ ಹೊತ್ತು ನಡೆದರು ಅಂತ ನಂಬುವ ವಿಯಾ ಡೊಲೊರೋಸಾದ 14 ಸ್ಥಾನಗಳ ನಡುವೆ ಮಸಾಲೆ ಅಂಗಡಿ, ಟೀ ಶರ್ಟು, ಚೌಕಾಸಿ.

ಕೊನೆಯ ಐದು ಸ್ಥಾನಗಳು ಪವಿತ್ರ ಸಮಾಧಿಯ ಚರ್ಚಿನೊಳಗೇ ಇವೆ. ಚರ್ಚನ್ನು ಆರು ಪಂಗಡಗಳು ಹಂಚಿಕೊಂಡಿವೆ. ಯಾವ ಮೂಲೆ ಯಾರದ್ದು, ಯಾವ ಹೊತ್ತಿಗೆ ಯಾರ ಪ್ರಾರ್ಥನೆ ಅನ್ನೋದು ಆಟೋಮನ್ ಕಾಲದ ಏರ್ಪಾಡಿನಂತೆ ಇವತ್ತಿಗೂ ನಡೀತಿದೆ. ಮುಂಬಾಗಿಲ ಮೇಲಿನ ಕಿಟಕಿ ಹತ್ತಿರದ ಏಣಿಯನ್ನೂ ಎಲ್ಲರೂ ಒಪ್ಪದೆ ಸರಿಸೋ ಹಾಗಿಲ್ಲ. ಬೀಗದ ಕೈ ಶತಮಾನಗಳಿಂದ ಒಂದು ಮುಸ್ಲಿಂ ಕುಟುಂಬದ ಹತ್ತಿರ. ಬಾಗಿಲು ತೆರೆಯೋದು ಇನ್ನೊಂದು ಮುಸ್ಲಿಂ ಕುಟುಂಬ.

ಒಳಗೆ ಕಾಲಿಟ್ಟ ಕೂಡಲೇ ಅಭಿಷೇಕದ ಕಲ್ಲು. ಶಿಲುಬೆಯಿಂದ ಇಳಿಸಿದ ಯೇಸುವಿನ ದೇಹಕ್ಕೆ ಸುಗಂಧ ಹಚ್ಚಿದ ಜಾಗ ಅನ್ನೋ ನಂಬಿಕೆ. ಜನ ಅದಕ್ಕೆ ಎಣ್ಣೆ ಸುರಿದು ಬಟ್ಟೆಯಲ್ಲಿ ಒರೆಸಿಕೊಳ್ತಾರೆ. ಅಮ್ಮ ಒರೆಸಿದ್ದು ಅಪ್ಪನ ಕರ್ಚೀಫಿನಿಂದ. ಇಬ್ಬರೂ ಒಟ್ಟಿಗೆ ಬರಬೇಕು ಅಂತ ದುಡ್ಡು ಕೂಡಿಟ್ಟಿದ್ದರು. ಅಪ್ಪ ಮೊದಲೇ ಹೋಗಿಬಿಟ್ಟರು.

"ಪ್ರಾರ್ಥನೆಗೂ ಬಿಡಲ್ಲ, ಎಷ್ಟು ಗಲಾಟೆ" ಅಂದೆ.

"ಆವತ್ತೂ ಗಲಾಟೆನೇ ಇತ್ತಲ್ವಾ ಮಗಾ" ಅಂದರು ಅಮ್ಮ.

ನೀವು ಹೋಗೋದಾದ್ರೆ ಬೆಳಗಿನ ಜಾವವೇ ಹೋಗಿ, ಕ್ಯೂ ಸಣ್ಣದಿರುತ್ತೆ. ಅಮ್ಮ ಅಪ್ಪನನ್ನು ಕರ್ಕೊಂಡು ಹೋಗೋ ಆಸೆ ಇದ್ರೆ, ಮುಂದಿನ ಅಪ್ರೈಸಲ್‌ಗೆ ಕಾಯಬೇಡಿ.